ಅಣ್ಣನ ಸ್ಪೀಕರಿಗೆ ಹೊಸ ಅಂಚು

ಆ ಎರಡು ಸ್ಪೀಕರ್ ಪೆಟ್ಟಿಗೆಗಳು ನಮಗೆ ಸಿಕ್ಕಿದ್ದು ಅಂಜನಾಪುರದಲ್ಲಿ ಎಂದು ನನ್ನ ನೆನಪು. ಅಲ್ಲಿನ ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಮಾರಿದರು. ಅಣ್ಣ ಮತ್ತು ನಾನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ ತಂದೆವು. ದಾರಿಯುದ್ದಕ್ಕೂ ನಾನು ಒಂದು ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತಿದ್ದೆ. ಅಣ್ಣನ ಪ್ರಕಾರ ಇಂಜಿನಿಯರು ಇದ್ದದ್ದು ಅಂಬ್ಲಿಗೊಳದಲ್ಲಿ, ತಂದದ್ದು ಯಾರದೋ ಜೀಪಿನಲ್ಲಿ, ನಾನು ಆಗ ಊರಲ್ಲೇ ಇರಲಿಲ್ಲ. ಇಬ್ಬರಲ್ಲಿ ಒಬ್ಬರು ತಪ್ಪು. ಇಬ್ಬರೂ ತಪ್ಪಿರಬಹುದು ಎಂಬುದನ್ನೂ ನಾನು ತಳ್ಳಿಹಾಕುವುದಿಲ್ಲ.

ನಾನು ಇತಿಹಾಸ ಓದಿದವನು. ಶಿಕಾರಿಪುರದಲ್ಲಿ ಅದನ್ನೇ ಪಾಠ ಹೇಳಿ ನಿವೃತ್ತನಾದವನು. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದರಲ್ಲಿ ಉಳಿದಿರುವುದು ಬಹಳ ಕಡಿಮೆ. ಯಾರಾದರೂ ‘ನನಗೆ ಚೆನ್ನಾಗಿ ನೆನಪಿದೆ’ ಎಂದ ಕೂಡಲೇ ಅನುಮಾನಪಡಬೇಕು ಎಂಬುದು ಮಾತ್ರ ಉಳಿದಿದೆ. ಬೇರೆಯವರ ಮೇಲೆ ಈ ಅಸ್ತ್ರ ಬಿಡುವುದು ಸುಲಭವಾಗಿತ್ತು. ಈಚೆಗೆ ಅದು ನನ್ನ ಕಡೆಗೇ ತಿರುಗಿದೆ. ಹಿಂದಿನದ್ದು ಏನನ್ನೇ ನೆನೆದರೂ, ಇದು ನಡೆದದ್ದೋ, ಯಾರೋ ಹೇಳಿದ್ದೋ, ನಾನೇ ಹತ್ತಾರು ಸಲ ಹೇಳಿ ಹೇಳಿ ಕಟ್ಟಿಕೊಂಡದ್ದೋ ಎಂದು ತಿಳಿಯದೆ ಎದ್ದು ಓಡಾಡುತ್ತೇನೆ. ಒಂದು ಕಡೆ ಕೂರುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಈಗ ಕೂತರೂ ದಣಿವು, ಎದ್ದರೂ ದಣಿವು.

ಅಣ್ಣ ಸೊರಬದಲ್ಲಿದ್ದಾನೆ. ಮದುವೆಯಾದ ಮೇಲೆ ಅತ್ತಿಗೆಯ ಊರಿಗೆ ಹೋಗಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟ. ವಾಷರು, ಗ್ಯಾಸ್ಕೆಟ್ಟು, ಫುಟ್‌ವಾಲ್ವು, ರಬ್ಬರ್ ಹಾಳೆ. ಅದು ಹೊಟ್ಟೆಪಾಡು. ಅವನ ಜೀವ ಇದ್ದದ್ದು ಡಗ್ಗಾ-ತಬಲಾದಲ್ಲಿ, ಅದರಲ್ಲೂ ಡಗ್ಗಾದಲ್ಲಿ. ನಮ್ಮ ಜನರಲ್ಲಿ ಯಾರಾದರೂ ತೀರಿಕೊಂಡರೆ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ, ಮಣ್ಣಿಗೆ ಒಯ್ಯುವವರೆಗೂ ಎದುರಿನಲ್ಲಿ ಭಜನೆ ಮಾಡುತ್ತಾರೆ. ಸುತ್ತಲಿನ ಊರುಗಳಲ್ಲಿ ಅಂಥ ಮನೆಗಳಿಂದ ಮೊದಲ ಕರೆ ಹೋಗುತ್ತಿದ್ದದ್ದು ಬಂಧುಗಳಿಗೆ, ಎರಡನೆಯದು ಅಣ್ಣನ ಮೇಳಕ್ಕೆ. ಸತ್ತವರು ಗುರುತಿನವರೇ ಆಗಬೇಕೆಂದಿರಲಿಲ್ಲ. ಅಂಗಡಿ ಬಾಗಿಲು ಎಳೆದು ಹೋಗುತ್ತಿದ್ದ. ಅದಲ್ಲದೆ ಸೋಮವಾರ ಸಂಜೆ ಮಠದಲ್ಲಿ ಭಜನೆ. ನನಗೆ ದೇವರಲ್ಲೂ ನಂಬಿಕೆ ಇಲ್ಲ, ಭಜನೆಯಲ್ಲೂ ಇಲ್ಲ. ಆದರೆ ಅವನ ಎಡಗೈ ಡಗ್ಗಾದ ಮೇಲೆ ಕೂತಾಗ ಕೇಳಿಬರುವ ಆ ಗುಂಯ್ ಎಂಬ ಸದ್ದಿಗೆ ತರ್ಕ ಹೂಡುವುದು ನನಗೆ ಆಗುತ್ತಿರಲಿಲ್ಲ.

ಅಣ್ಣನ ಕಿವಿ ಹೋಗತೊಡಗಿದ್ದು ನಿಧಾನವಾಗಿ. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಹಕ್ಕಿಗಳು, ಆಮೇಲೆ ಫೋನಿನ ಗಂಟೆ, ಹೆಂಗಸರ ಮಾತು. ಮೇಳದಲ್ಲಿ ತಾಳ ತಟ್ಟುವವರದು ಕೇಳದೆ ಅವನ ಕೈ ಹಿಂದೆ ಬೀಳಲು ಶುರುವಾಯಿತು. ಹಾರ್ಮೋನಿಯಂ ನುಡಿಸುವವರು ಒಂದು ಸಲ ತಲೆಯೆತ್ತಿ ನೋಡಿದರಂತೆ, ಅಷ್ಟೇ. ಮರುವಾರದಿಂದ ಅಣ್ಣ ಭುಜನೋವು ಎಂದು ಹೇಳಿ ಹೋಗುವುದನ್ನು ಬಿಟ್ಟ. ಭುಜಕ್ಕೆ ಎಣ್ಣೆಯನ್ನೂ ಹಚ್ಚಿಸಿಕೊಂಡ ಎಂದು ಅತ್ತಿಗೆ ಹೇಳಿದರು. ಸುಳ್ಳು ಹೇಳಿದ ಮೇಲೆ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುವ ಪ್ರಾಮಾಣಿಕತೆ ಅವನದು.

ಶಿವಮೊಗ್ಗದಲ್ಲಿ ಕಿವಿಯ ಡಾಕ್ಟರಿಗೆ ತೋರಿಸಲು ನಾನೇ ಕರೆದುಕೊಂಡು ಹೋಗಿದ್ದೆ. ಅವರು ಒಂದು ಹಾಳೆ ಮುಂದಿಟ್ಟರು. ಗೆರೆ ಎಡಗಡೆ, ತಗ್ಗಿನ ಸ್ವರಗಳ ಹತ್ತಿರ, ಸ್ವಲ್ಪ ಸಮನಾಗಿ ಬಂದು ಬಲಗಡೆಗೆ ಘಾಟಿ ಇಳಿದ ಹಾಗೆ ಇಳಿದಿತ್ತು.

ಅಣ್ಣ ಹಾಳೆಯ ಮೇಲೆ ಬಾಗಿ ಗಟ್ಟಿಯಾಗಿ ಕೇಳಿದ: “ಡಗ್ಗಾ ಎಲ್ಲಿ ಬರ್ತೈತ್ರೀ ಇದ್ರಾಗೆ?”

“ಏನು?”

“ಡಗ್ಗಾ ರೀ. ತಬಲಾದ ಜೋಡಿ, ಎಡಗಡೇದು.”

ಡಾಕ್ಟರು ಪೆನ್ನಿನ ತುದಿಯನ್ನು ಗೆರೆಯ ಎಡತುದಿಯಲ್ಲಿ ಇಟ್ಟರು. “ಇಲ್ಲೆಲ್ಲೋ ಇರಬಹುದು. ಇಲ್ಲೂ ಸ್ವಲ್ಪ ಇಳಿದಿದೆ. ನಿಮಗೆ ಎಷ್ಟು ಕೇಳುತ್ತೆ ಅಂತ ನೀವೇ ಕೇಳಿ ನೋಡಬೇಕು.”

ಶ್ರವಣಯಂತ್ರ ಕೊಟ್ಟರು. ಅದು ಅವನ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ತನ್ನ ಡಬ್ಬಿಯಲ್ಲೇ ಉಳಿಯಿತು. ಹಾಕಿಕೊಂಡರೆ ರಸ್ತೆಯ ಬೈಕುಗಳೆಲ್ಲ ತಲೆಯೊಳಗೇ ಓಡಾಡುತ್ತವೆ ಎಂಬುದು ಅವನ ದೂರು.

ಆಮೇಲೆ ಒಂದು ದಿನ ಅತ್ತಿಗೆ ಫೋನು ಮಾಡಿದರು. ಅಣ್ಣ ಡಗ್ಗಾ-ತಬಲಾವನ್ನು ಒರೆಸಿ ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದಾನೆ, ಮಠಕ್ಕೆ ಕೊಟ್ಟುಬಿಡುತ್ತಾನಂತೆ, ನೀವು ಬಂದು ಒಂದು ಮಾತು ಹೇಳಿ ಎಂದರು. ನಾನು ಹೋದೆ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಏನು ಹೇಳಬೇಕೆಂದು ಯೋಚಿಸುತ್ತಾ ಹೋದೆ.

ಅಣ್ಣ ತನ್ನ ಲೆಕ್ಕವನ್ನು ಸ್ಪಷ್ಟವಾಗಿ ಮಂಡಿಸಿದ. “ನೋಡಾ, ಬೇರೆ ಎಂತದೂ ಕೇಳದಿದ್ರೂ ನಡೀತೈತೆ. ಹಾಡೋರ ಬಾಯಿ ನೋಡ್ಕೊಂಡು ಹಿಡೀಬೋದು. ಡಗ್ಗಾನೇ ಕೇಳದಿದ್ರೆ ಕೂತು ಮಾಡೋದೇನು? ಹೆಣದ ಮುಂದೆ ಇನ್ನೊಂದು ಹೆಣ.”

“ಬಾರಿಸಿ ನೋಡು. ಕೇಳುತ್ತೋ ಇಲ್ಲವೋ ಗೊತ್ತಾಗುತ್ತೆ,” ಎಂದೆ.

“ಅದೇ ಗೊತ್ತಾಗಲ್ಲ ಮಾರಾಯ. ನಾನು ಬಾರ್ಸಿದ್ರೆ ಕೈಗೆ ತಿಳೀತೈತೆ. ತಿಳಿದಿದ್ದು ಕೈಗಾ, ಕಿವಿಗಾ?”

ಇತಿಹಾಸದ ಯಾವ ತರಗತಿಯಲ್ಲೂ ಸಾಕ್ಷ್ಯದ ಬಗ್ಗೆ ಇಷ್ಟು ನೇರವಾದ ಪ್ರಶ್ನೆ ನನಗೆ ಬಂದಿರಲಿಲ್ಲ. ಬೇರೆಯವರಿಂದ ಬಾರಿಸಿ ಕೇಳೋಣ ಎಂದರೆ, ಅವರ ಮುಂದೆ ಪರೀಕ್ಷೆಗೆ ಕೂರುವುದಿಲ್ಲ ಎಂದ. ಫೋನಿನಲ್ಲಿ ಹಾಕಿದರೆ ಡಗ್ಗಾ ಕೆಳಗಿಳಿಯುವುದೇ ಇಲ್ಲ, ಟಕಟಕ ಎನ್ನುತ್ತದೆ. ಉಳಿದದ್ದು ಅಟ್ಟದ ಮೇಲಿದ್ದ ಆ ಎರಡು ಪೆಟ್ಟಿಗೆಗಳು. ಅವುಗಳಲ್ಲಿ ತಗ್ಗಿನ ಸ್ವರಕ್ಕೆಂದೇ ಇರುವ ಎಂಟು ಇಂಚಿನ ವೂಫರುಗಳಿದ್ದವು. ಒಂದು ಕಾಲದಲ್ಲಿ ಅವುಗಳಿಂದ ಬರುತ್ತಿದ್ದ ಡಗ್ಗಾ ಎದೆಗೇ ಬಂದು ತಾಗುತ್ತಿತ್ತು. ಅವುಗಳಲ್ಲಿ ಕೇಳಿಸಿದರೆ ಚೀಲ ಬಿಚ್ಚುತ್ತೇನೆ, ಸೋಮವಾರ ಮಠಕ್ಕೆ ಹೋಗುತ್ತೇನೆ, ಕೇಳಿಸದಿದ್ದರೆ ಚೀಲ ಮಾತ್ರ ಹೋಗುತ್ತದೆ ಎಂದ. ಅವನ ಮಾತಿನಲ್ಲಿ ಚೌಕಾಶಿಗೆ ಜಾಗವಿರಲಿಲ್ಲ.

ಪೆಟ್ಟಿಗೆಗಳನ್ನು ಇಳಿಸಿ ಮುಂದಿನ ಬಟ್ಟೆ ತೆಗೆದೆವು. ವೂಫರಿನ ಕಾಗದದ ಬಟ್ಟಲು ಚೆನ್ನಾಗಿತ್ತು. ಆ ಬಟ್ಟಲನ್ನು ಸುತ್ತಲಿನ ಕಬ್ಬಿಣದ ಚೌಕಟ್ಟಿಗೆ ಹಿಡಿದಿಡುವ ಮೆತ್ತನೆಯ ಫೋಮಿನ ಅಂಚು ಮಾತ್ರ ಪೂರಾ ಹೋಗಿತ್ತು. ಬೆರಳು ತಾಗಿಸಿದರೆ ಹಳೆಯ ಬೆಲ್ಲದಂತೆ ಅಂಟಿ, ಪುಡಿಯಾಗಿ ಉದುರುತ್ತಿತ್ತು. ಅಂಚಿಲ್ಲದ ಬಟ್ಟಲು ಓಲಾಡುತ್ತಿತ್ತು. ಹೊಸ ಅಂಚು ತರಿಸಿ ಹಚ್ಚಬಹುದು ಎಂದು ನಾನು ಎಲ್ಲೋ ಓದಿದ್ದೆ. ತರಿಸುತ್ತೇನೆ, ಬರುವವರೆಗೆ ಮುಟ್ಟಬೇಡ ಎಂದು ಹೇಳಿ ಊರಿಗೆ ಬಂದೆ.

ಮುಟ್ಟಬೇಡ ಎಂದರೆ ಅಣ್ಣ ಕೇಳುವವನಲ್ಲ, ಕಿವಿ ಚೆನ್ನಾಗಿದ್ದಾಗಲೂ ಕೇಳಿದವನಲ್ಲ. ಫೋಮಿನ ಬಳೆಗಳು ಪಾರ್ಸೆಲ್ಲಿನಲ್ಲಿ ಬಂದು, ನಾನು ಅವನ್ನು ಹಿಡಿದು ಮತ್ತೆ ಸೊರಬಕ್ಕೆ ಹೋಗುವಷ್ಟರಲ್ಲಿ ಎರಡೂ ವೂಫರುಗಳಿಗೆ ಅಂಚು ಬಂದುಬಿಟ್ಟಿತ್ತು. ಅಂಗಡಿಯ ಗ್ಯಾಸ್ಕೆಟ್ ರಬ್ಬರಿನ ಹಾಳೆಯಿಂದ ಅಗಲವಾದ ಬಳೆ ಕತ್ತರಿಸಿ, ಎಳೆದು ಬಿಗಿದು, ಪಂಕ್ಚರ್ ಸಲ್ಯೂಷನ್ ಹಾಕಿ ಅಂಟಿಸಿದ್ದ. ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ಒಂದು ಸುಕ್ಕು ಇರಲಿಲ್ಲ. ನನ್ನ ಮುಂದೆ ಅಂಚಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದ. ಟಣ್ ಎಂದಿತು.

“ಹೆಂಗೈತೆ? ಎಲ್ಲಿ ಹೊಡದ್ರೂ ಒಂದೇ ಶ್ರುತಿ.”

ಅವನು ಅದನ್ನು ಡಗ್ಗಾದ ಚರ್ಮ ಬಿಗಿದ ಹಾಗೆ ಬಿಗಿದಿದ್ದ. ಸುತ್ತಲೂ ಸಮನಾದ ಎಳೆತ, ಎಲ್ಲೂ ಸಡಿಲವಿಲ್ಲ. ಜೊತೆಗೆ ಅಂಗಡಿಯ ಬುದ್ಧಿಯೂ ಸೇರಿತ್ತು: ಒಂದು ಹನಿ ನೀರು ಸೋರಬಾರದು. ಜೀವಮಾನವೆಲ್ಲ ಬಿಗಿ ಮಾಡುವುದನ್ನೇ ಕಲಿತ ಮನುಷ್ಯ. ಸ್ಪೀಕರಿನಲ್ಲಿ ಸದ್ದು ಮಾಡುವುದು ಅಂಚಲ್ಲ, ಬಟ್ಟಲು. ಬಟ್ಟಲು ಹಿಂದೆ ಮುಂದೆ ಧಾರಾಳವಾಗಿ ಓಡಾಡಿದರೆ ಮಾತ್ರ ತಗ್ಗಿನ ಸ್ವರ ಬರುತ್ತದೆ. ಅಂಚು ಇರುವುದೇ ಬಿಟ್ಟುಕೊಡುವುದಕ್ಕೆ. ಇದನ್ನೆಲ್ಲ ನಾನು ಕೂಗಿ ಕೂಗಿ ಹೇಳಬೇಕಾಯಿತು. ಎದುರಿನ ಮನೆಯವರು ಜಗಳ ಎಂದುಕೊಂಡು ಕಿಟಕಿಗೆ ಬಂದರು.

“ಹಾಕಿ ನೋಡಿದ್ಯಾ?” ಎಂದು ಕೇಳಿದೆ.

“ನೋಡ್ದೆ.”

“ಏನಾಯ್ತು?”

ಅಣ್ಣ ಮುಖ ತಿರುಗಿಸಿದ. ಅತ್ತಿಗೆ ಒಳಗಿನಿಂದ ಹೇಳಿದರು: “ಎಂತ ಆಗೋದು. ಡಬ್ಬಿ ಒಳಗೆ ಕಪ್ಪೆ ಕೂತಂಗೆ ಆಗ್ತಿತ್ತು. ಇವ್ರಿಗೆ ಅದೂ ಕೇಳ್ಲಿಲ್ಲ. ಅವತ್ತಿಂದ ಊಟ ಸರಿ ಮಾಡ್ತಿಲ್ಲ.”

ಆಗ ನನಗೆ ಕೆಲಸದ ಭಾರ ತಿಳಿಯಿತು. ಅಂಚು ಬಿಗಿಯಾದದ್ದಕ್ಕೆ ಡಗ್ಗಾ ಕೇಳಲಿಲ್ಲ ಎಂದು ನಾನು ಹೇಳುತ್ತಿದ್ದೆ. ಅಣ್ಣ ಕಿವಿಯೇ ಹೋಯಿತು ಎಂದು ತೀರ್ಮಾನಿಸಿದ್ದ. ನನ್ನ ಮಾತನ್ನು ಸಮಾಧಾನದ ಮಾತು ಎಂದು ತಳ್ಳಿಹಾಕುತ್ತಿದ್ದ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಆ ಬೆಳಿಗ್ಗೆಯೆಲ್ಲ ರಬ್ಬರು ಕೀಳುವುದರಲ್ಲಿ ಹೋಯಿತು. ಪಂಕ್ಚರ್ ಸಲ್ಯೂಷನ್ ಎಷ್ಟು ಚೆನ್ನಾಗಿ ಅಂಟುತ್ತದೆ ಎಂಬುದನ್ನು ನಾನು ಅವತ್ತು ಅರಿತೆ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಒಂದೊಂದು ಬೆರಳಿನಗಲ ಒರೆಸಿ, ಬೆಣ್ಣೆ ಚಾಕುವಿನಿಂದ ಮೆಲ್ಲಗೆ ಎತ್ತಬೇಕು. ಸ್ವಲ್ಪ ಜಾಸ್ತಿ ಎತ್ತಿದರೆ ಬಟ್ಟಲಿನ ಕಾಗದವೇ ಹರಿಯುತ್ತದೆ. ಅಣ್ಣ ಒಂದನ್ನು ಹಿಡಿದು ಕೂತ, ನಾನು ಇನ್ನೊಂದನ್ನು. ಸ್ಪಿರಿಟ್ಟಿನ ವಾಸನೆಗೆ ಇಬ್ಬರಿಗೂ ತಲೆ ಭಾರವಾಯಿತು. ಹುಮ್ಮಸ್ಸಿನಲ್ಲಿ ನಾನು ಎರಡೂ ವೂಫರುಗಳ ಹಿಂದುಗಡೆಯ ತುಕ್ಕು ಹಿಡಿದ ತಂತಿಯ ಕೊಂಡಿಗಳನ್ನೂ ಸ್ಪಿರಿಟ್ಟಿನಿಂದ ತಿಕ್ಕಿ ಹೊಳೆಯುವಂತೆ ಮಾಡಿದೆ.

ಮುಂದಿನ ಕೆಲಸ ಬಟ್ಟಲನ್ನು ನಡುಮಧ್ಯೆ ನಿಲ್ಲಿಸುವುದು. ಬಟ್ಟಲಿನ ತಳದಲ್ಲಿ ತಂತಿಯ ಸುರುಳಿ ಇದೆ. ಅದು ಅಯಸ್ಕಾಂತದ ಸಣ್ಣ ಸಂದಿಯಲ್ಲಿ ಎಲ್ಲೂ ತಾಗದೆ ಆಡಬೇಕು. ತಾಗಿದರೆ ಕರಕರ ಎನ್ನುತ್ತದೆ. ಅದಕ್ಕೆ ಬಟ್ಟಲಿನ ನಡುವೆ ಧೂಳು ತಡೆಯುವ ಟೊಪ್ಪಿಗೆಯನ್ನು ಕೊಯ್ದು ತೆಗೆದು, ಸುರುಳಿಯ ಸುತ್ತ ತೆಳುವಾದ ಪಟ್ಟಿಗಳನ್ನು ಸಿಕ್ಕಿಸಿ, ಅಂಚು ಅಂಟಿ ಒಣಗುವವರೆಗೆ ಹಾಗೇ ಬಿಡಬೇಕು. ತೆಳುವಾದ ಪಟ್ಟಿಗೆ ಎಕ್ಸ್‌ರೇ ಹಾಳೆ ಒಳ್ಳೆಯದು ಎಂದೆ. ಅಣ್ಣ ಬೀರುವಿನ ಮೇಲಿಂದ ಒಂದು ಲಕೋಟೆ ಎಳೆದು ಕತ್ತರಿ ಹಾಕಿದ.

ಅತ್ತಿಗೆ ಟೀ ಹಿಡಿದು ಬಂದವರು ನಿಂತರು. “ಅದು ನನ್ನ ಮಂಡಿ ಅಲ್ವನ್ರೀ?”

“ಎಂತ?”

“ಮಂಡಿ! ನನ್ನ ಬಲಗಾಲಿನ ಮಂಡಿ ಕತ್ತರಿಸ್ತಿದೀರಿ!”

“ಹಳೇದು ಬಿಡೇ. ಈಗಿಂದು ಇನ್ನೂ ಕೆಟ್ಟೈತೆ.”

“ಕೇಳ್ಲಿಲ್ಲ ಕೇಳ್ಲಿಲ್ಲ ಅಂತಾರೆ, ಬೇಕಾದ್ದು ಕೇಳ್ತದೆ ನೋಡಿ ಪ್ರೊಫೆಸರ್ರೇ,” ಎಂದು ನನ್ನತ್ತ ತಿರುಗಿದರು. ನಾನು ಎಂದೂ ಪ್ರೊಫೆಸರ್ ಆದವನಲ್ಲ. ಮದುವೆಯಾದಾಗಿನಿಂದ ನನ್ನ ಬಿಂಕ ಇಳಿಸಲು ಅವರು ಆ ಹೆಸರಿನಲ್ಲೇ ಕರೆಯುವುದು.

ಮಂಡಿಯ ಪಟ್ಟಿಗಳು ಸರಿಯಾಗಿ ಕೂತವು. ಹೊಸ ಫೋಮಿನ ಬಳೆಗೆ ಅಂಟು ಸವರಿ ಬಟ್ಟಲಿಗೆ ಕೂರಿಸಿ, ಸುತ್ತಲೂ ಬೆರಳಿನಿಂದ ಒತ್ತುತ್ತಾ ಹೋದೆವು. ಅಣ್ಣನಿಗೆ ಎಳೆಯುವ ಚಪಲ ಹೋಗಿರಲಿಲ್ಲ. ಬಳೆಯ ಮೇಲೆ ಅವನ ಹೆಬ್ಬೆರಳು ಹೊರಗಡೆಗೆ ಜಾರುತ್ತಿತ್ತು, ನಾನು ಕೈ ಹಿಡಿದು ತಡೆಯುತ್ತಿದ್ದೆ. “ಸಡಿಲ ಬಿಡೋದು ಅಂದ್ರೆ ಕೈಗೆ ಅಸಹ್ಯ ಆಗ್ತೈತೆ ಕಣಾ,” ಎಂದ. ಚೌಕಟ್ಟಿನ ಕಡೆಯ ಅಂಟನ್ನು ಮಧ್ಯಾಹ್ನ ಹಾಕಿದೆವು. ಮರುದಿನದವರೆಗೂ ಮುಟ್ಟಬಾರದು. ಊಟವಾದ ಮೇಲೆ ಇಬ್ಬರೂ ಅದೇ ಕೋಣೆಯ ನೆಲದ ಮೇಲೆ ಮಲಗಿದೆವು. ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ. ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಗೋಡೆಗೇ ಹೇಳುವ ಹಾಗೆ ಹೇಳಿದ: “ಮಠದಲ್ಲಿ ಹೊಸಾ ಹುಡುಗ್ರು ಕಲೀತಾರಂತೆ. ಕೊಟ್ರೆ ಹಾಳಾಗಲ್ಲ ಬಿಡು.” ನಾನು ಏನೋ ಹೇಳಿದೆ. ಗೋಡೆಯ ಕಡೆ ಮುಖ ಇದ್ದವನಿಗೆ ಅದು ಕೇಳುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿಗಳನ್ನು ಎಳೆದು ತೆಗೆದು, ಬಟ್ಟಲನ್ನು ಎರಡು ಕೈಯಿಂದ ಮೆಲ್ಲಗೆ ಒತ್ತಿ ನೋಡಿದೆವು. ಎಲ್ಲೂ ಉಜ್ಜಲಿಲ್ಲ. ಒಳಗೆ ಹೋಗಿ ತಾನಾಗಿ ವಾಪಸು ಬಂತು. ಟೊಪ್ಪಿಗೆ ಅಂಟಿಸಿ, ಪೆಟ್ಟಿಗೆಯಲ್ಲಿ ಕೂರಿಸಿ, ತಂತಿ ಸೇರಿಸಿದೆ. ತಂತಿ ಸೇರಿಸುವಾಗ ಒಂದು ಕ್ಷಣ ಕೈ ನಿಂತಿತ್ತು. ಪೆಟ್ಟಿಗೆಯೊಳಗಿನ ತಂತಿಗಳನ್ನು ಅಣ್ಣ ಯಾವಾಗಲೋ ಬದಲಾಯಿಸಿದ್ದ. ಎರಡೂ ಎಳೆ ಕಪ್ಪು, ಪ್ಲಸ್ಸಿನದಕ್ಕೆ ಮಾತ್ರ ಒಂದು ಗಂಟು. ಯಾವುದು ಎಲ್ಲಿಗೆ? ಪ್ಲಸ್ಸಿನ ಗುರುತಾದ ಕೆಂಪು ಚುಕ್ಕೆ ಬಲಗಡೆಯ ಕೊಂಡಿಗೆ ಇತ್ತು ಎಂದು ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಆ ಪ್ರಕಾರ ಸೇರಿಸಿದೆ.

ಕೇಳಲು ಏನು ಹಾಕಬೇಕು ಎಂಬುದನ್ನು ನಾನು ಮೊದಲೇ ಯೋಚಿಸಿ ಬಂದಿದ್ದೆ. ಬಹಳ ಹಿಂದೆ ಶಿಕಾರಿಪುರದಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡಾಗ ನಡೆದ ಭಜನೆಯ ಕ್ಯಾಸೆಟ್ಟು ನನ್ನ ಬಳಿ ಇತ್ತು. ಅದನ್ನು ಸ್ಟುಡಿಯೋದವರ ಕೈಲಿ ಫೋನಿಗೆ ಇಳಿಸಿಕೊಂಡಿದ್ದೆ. ಅದರಲ್ಲಿ ಡಗ್ಗಾ ಅಣ್ಣನದೇ. ನಾನೇ ಮೈಕು ಹಿಡಿದು ಅವನ ಎಡಮಗ್ಗುಲಿಗೆ ಕೂತಿದ್ದೆ. ಇದನ್ನು ಅಣ್ಣನಿಗೆ ಹೇಳಲಿಲ್ಲ. ಯಾವುದೋ ಭಜನೆ ಎಂದಷ್ಟೇ ಹೇಳಿದೆ. ಮೊದಲೇ ಹೇಳಿದರೆ ಕಿವಿಯ ಬದಲು ನೆನಪು ಕೇಳಿಬಿಡುತ್ತದೆ ಎಂಬುದು ನನ್ನ ಎಚ್ಚರಿಕೆ.

ಫೋನನ್ನು ಅಣ್ಣನ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿ, ಒಂದು ಪೆಟ್ಟಿಗೆ, ಆಮೇಲೆ ಇನ್ನೊಂದು ಎಂದು ಬೇರೆ ಬೇರೆಯಾಗಿ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ ಕರಕರ ಇಲ್ಲವೆಂದು ಖಚಿತಮಾಡಿಕೊಂಡೆ. ಅಣ್ಣ ಆಗ ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದ. ಎರಡು ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತ. ಅವನು ಹಾಗೆ ಸಿದ್ಧನಾಗಿ ಬಂದದ್ದು ನೋಡಿ ನನಗೆ ಈ ಪರೀಕ್ಷೆಯೇ ಬೇಡವಾಗಿತ್ತು ಅನಿಸಿತು. ಎರಡೂ ಪೆಟ್ಟಿಗೆ ಸೇರಿಸಿ ಹಾಕಿದೆ.

ಹಾರ್ಮೋನಿಯಂ ಬಂತು. ತಾಳ ಬಂತು. ಗಂಡಸರ ದನಿಗಳು ಬಂದವು. ಅಣ್ಣ ಕಣ್ಣು ಮುಚ್ಚಿಯೇ ಇದ್ದ. ಅವನ ಮುಖದಲ್ಲಿ ಏನೂ ಆಗಲಿಲ್ಲ. ಒಂದು ಪದ ಮುಗಿದು ಇನ್ನೊಂದು ಶುರುವಾಯಿತು. ದನಿ ಹೆಚ್ಚಿಸಿದೆ. ಕೊನೆಗೆ ಕಣ್ಣು ಬಿಟ್ಟು ನನ್ನನ್ನು ನೋಡಿದ.

“ಬಾರಿಸ್ತಿದಾರಾ?” ಎಂದು ಕೇಳಿದ.

ನಾನು ಹೌದೆಂದು ತಲೆಯಾಡಿಸಿದೆ.

“ಹಾಂ,” ಎಂದು ಎದ್ದ. ಅಂಗಿಯ ಗುಂಡಿ ಬಿಚ್ಚುತ್ತಾ ಬಾಗಿಲ ಕಡೆ ಹೋದ. ಚೀಲವನ್ನು ಎತ್ತಿ ಹೆಗಲಿಗೆ ಹಾಕಲಿಲ್ಲ, ಅದರ ದಾರಕ್ಕೆ ಇನ್ನೊಂದು ಗಂಟು ಹಾಕಿದ, ಅಷ್ಟೇ. ಆಮೇಲೆ ಅಂಗಡಿಗೆ ಹೊರಟುಹೋದ.

ಅವತ್ತಿನಷ್ಟು ಸುಸ್ತು ನನಗೆ ಎಂದೂ ಆದದ್ದು ನೆನಪಿಲ್ಲ. ನೆನಪಿನ ಮಾತು ನಂಬಬೇಕಿಲ್ಲ, ಆದರೂ. ಪೆಟ್ಟಿಗೆಗಳ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ನನಗೂ ಡಗ್ಗಾ ಅಷ್ಟೇನೂ ಕೇಳಿರಲಿಲ್ಲ ಎಂಬುದು ಆಗ ಮೆಲ್ಲಗೆ ತಲೆಗೆ ಬಂತು. ನನ್ನ ಕಿವಿಯೂ ಹೋಗುತ್ತಿದೆಯೇ? ಅಥವಾ ಈ ಪೆಟ್ಟಿಗೆಗಳಿಂದ ಎದೆಗೆ ತಾಗುವ ಸದ್ದು ಎಂದೂ ಬಂದೇ ಇರಲಿಲ್ಲವೇ, ನಾನೇ ಕಟ್ಟಿಕೊಂಡ ಕಥೆಯೇ?

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದರು. ಕಣ್ಣು ಒರೆಸಿಕೊಂಡಿದ್ದರು. ಆದರೆ ಮಾತು ಯಾವಾಗಲಿನದೇ. “ಎಂತಕ್ಕೆ ಎರಡೂ ಹಾಕಿದ್ರಿ? ಮೊದ್ಲು ಹಾಕಿದಾಗ ಚೆನ್ನಾಗಿತ್ತಲ್ಲ.”

“ಮೊದಲು ಯಾವಾಗ?”

“ಅವ್ರು ಸ್ನಾನಕ್ಕೆ ಹೋದಾಗ ಒಂದೊಂದೇ ಹಾಕಿದ್ರಲ್ಲ. ನನ್ನ ಸ್ಟೀಲ್ ತಟ್ಟೆ ಸ್ಟ್ಯಾಂಡಲ್ಲಿ ಗಿಲಿಗಿಲಿ ಅಂತಿತ್ತು. ಎರಡೂ ಹಾಕಿದ್ಮೇಲೆ ತಟ್ಟೆ ಸುಮ್ನಾದ್ವು.”

ಒಂದು ಹಾಕಿದರೆ ತಟ್ಟೆ ನಡುಗುತ್ತದೆ, ಎರಡು ಹಾಕಿದರೆ ಇಲ್ಲ. ನಾನು ಎದ್ದು ನಿಂತೆ. ತಗ್ಗಿನ ಸ್ವರಕ್ಕೆ ಎರಡೂ ಬಟ್ಟಲು ಒಟ್ಟಿಗೆ ಮುಂದೆ ಬಂದು ಒಟ್ಟಿಗೆ ಹಿಂದೆ ಹೋಗಬೇಕು. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಇದು ಮಾಡಿದ್ದನ್ನು ಅದು ಅಳಿಸುತ್ತದೆ. ಒಂದರ ತಂತಿ ಉಲ್ಟಾ ಆದರೆ ಹಾಗಾಗುತ್ತದೆ. ಗೋಡೆ ಗಡಿಯಾರದ ಸೆಲ್ಲು ತೆಗೆದು, ಪೆಟ್ಟಿಗೆಯ ಹಿಂದಿನ ತಂತಿಗಳಿಗೆ ಒಂದು ಕ್ಷಣ ತಾಗಿಸಿದೆ. ಎಡಗಡೆಯ ಬಟ್ಟಲು ಟಪ್ ಎಂದು ಮುಂದಕ್ಕೆ ಜಿಗಿಯಿತು. ಬಲಗಡೆಯದು ಹಿಂದಕ್ಕೆ ಜಗ್ಗಿತು.

ಕೆಂಪು ಚುಕ್ಕೆಯನ್ನು ಸ್ಪಿರಿಟ್ಟಿನಿಂದ ಒರೆಸಿ ಹಾಕಿದ್ದು ನಾನೇ. ಎರಡು ವೂಫರುಗಳಲ್ಲಿ ಒಂದಕ್ಕೆ ಬಲಗಡೆ ಇದ್ದಿರಬೇಕು, ಇನ್ನೊಂದಕ್ಕೆ ಎಡಗಡೆ. ಕಣ್ಣಿಗೆ ಕಟ್ಟಿದ ನೆನಪು ಎರಡನ್ನೂ ಸೇರಿಸಿ ಒಂದು ಮಾಡಿತ್ತು. ಫೋಟೋ ತೆಗೆಯಬಹುದಾಗಿದ್ದ ಫೋನು ಕೆಲಸದುದ್ದಕ್ಕೂ ನನ್ನ ಜೇಬಿನಲ್ಲೇ ಇತ್ತು.

ಬಲಗಡೆಯ ಪೆಟ್ಟಿಗೆ ಬಿಚ್ಚಿ ತಂತಿ ಅದಲುಬದಲು ಮಾಡಿ, ಸ್ವಲ್ಪ ಹಾಕಿ ನೋಡಿದೆ. ಅಡುಗೆಮನೆಯಲ್ಲಿ ತಟ್ಟೆಗಳೆಲ್ಲ ಒಟ್ಟಿಗೆ ಶುರುಮಾಡಿದವು. ಅತ್ತಿಗೆ ಅಲ್ಲಿಂದಲೇ “ಆಯ್ತು, ಆಯ್ತು, ನಿಲ್ಸಿ” ಎಂದು ಕೂಗಿದರು. ಆಮೇಲೆ ಚಪ್ಪಲಿ ಮೆಟ್ಟಿ ತಾವೇ ಅಂಗಡಿಗೆ ನಡೆದರು.

ಅಣ್ಣನಿಗೆ ಬರಲು ಮನಸ್ಸಿರಲಿಲ್ಲ. “ಎಷ್ಟು ಸಲ ನೋಡದು? ಸುಮ್ನೆ ನೀವು ಸಮಾಧಾನಕ್ಕೆ ಮಾಡ್ತೀರಿ,” ಎನ್ನುತ್ತಲೇ ಬಂದ. ಕೈಯೆಲ್ಲ ಗ್ರೀಸು. ಈ ಸಲ ಕಣ್ಣು ಮುಚ್ಚಲಿಲ್ಲ, ಕೂರಲೂ ಇಲ್ಲ. ಅವನ ಕಾಲು ನೆಲದ ನಡುಕವನ್ನು ಹಿಡಿದು ಮೋಸ ಮಾಡಬಹುದು ಎಂದು ನಾನು ಪೆಟ್ಟಿಗೆಗಳ ಕೆಳಗೆ ಹಾಸಿಗೆ ಮಡಿಸಿ ಹಾಕಿದ್ದೆ. ಅವನನ್ನು ಮಂಚದ ಮೇಲೆ ಕಾಲು ಎತ್ತಿಸಿ ಕೂರಿಸಿದೆ. ಹಾಕಿದೆ.

ಸ್ವಲ್ಪ ಹೊತ್ತು ಕೇಳಿದ. “ಹೂಂ, ಐತೆ. ಬಂತು,” ಎಂದ.

ನನಗೆ ಸಂತೋಷವಾಗಲಿಲ್ಲ. ಹಾಗೆ ಹೇಳುತ್ತಾನೆ ಎಂದು ನನಗೆ ಗೊತ್ತಿತ್ತು. ಎರಡು ದಿನ ದುಡಿದ ತಮ್ಮ, ಬಿಸಿಲಲ್ಲಿ ಕರೆಯಲು ಬಂದ ಹೆಂಡತಿ. ಭುಜಕ್ಕೆ ಸುಳ್ಳು ಎಣ್ಣೆ ಹಚ್ಚಿಸಿಕೊಂಡ ಮನುಷ್ಯ ಇಷ್ಟು ಹೇಳಲಾರನೇ? ಅತ್ತಿಗೆಯೂ ನನ್ನ ಮುಖ ನೋಡಿದರು. ಅವರಿಗೂ ಅದೇ ಅನುಮಾನ.

ಆಗ ಅಣ್ಣ ಹುಬ್ಬು ಗಂಟಿಕ್ಕಿದ. “ಯಾರಿದು ಬಾರ್ಸೋನು?”

“ಯಾಕೆ?”

“ಕೈ ಕಲ್ಲು ಇಟ್ಟಂಗೆ ಇಟ್ಟಾನೆ. ಹೊಡೀತಾನೆ, ಬಿಡ್ತಾನೆ. ಒತ್ತಿ ಎಳೆಯೋದೇ ಇಲ್ಲ. ಡಗ್ಗಾ ಅಳಬೇಕು ಮಾರಾಯ. ಇವನದು ಬರೀ ಕೆಮ್ಮು.”

“ಅದು ನೀನೇ,” ಎಂದೆ. ಬಾಯಿ ತಡೆಯಲಾಗಲಿಲ್ಲ. “ದೊಡ್ಡಪ್ಪ ಹೋದಾಗಿಂದು. ನಾನೇ ಮೈಕು ಹಿಡಿದಿದ್ದೆ.”

“ನಾನಾ? ಹುಚ್ಚಾ ನಿನಗೆ. ನಾನು ಹಿಂಗೆ ಯಾವತ್ತು ಬಾರ್ಸಿದೀನಿ?”

ನಾನು ವಾದಕ್ಕೆ ಬಾಯಿ ತೆರೆದೆ. ವಾದದಲ್ಲಿ ನಾನು ಸುಲಭಕ್ಕೆ ಬಿಡುವವನಲ್ಲ. ತೆರೆದ ಬಾಯಿ ಹಾಗೇ ನಿಂತಿತು. ನಾನು ಸರಿಯಾಗಿದ್ದರೆ ಅಣ್ಣ ತನ್ನ ಕೈಯನ್ನೇ ಗುರುತಿಸಲಾರದಷ್ಟು ಅವನ ಕಿವಿ ಕೆಟ್ಟಿದೆ. ಅವನು ಸರಿಯಾಗಿದ್ದರೆ ಅವನಿಗೆ ಡಗ್ಗಾ ಕೇಳುತ್ತಿದೆ, ಬರೀ ಸದ್ದಲ್ಲ, ಅಂಗೈಯ ಒತ್ತಡದವರೆಗೂ ಕೇಳುತ್ತಿದೆ. ಹಾಗಾದರೆ ನಾನು ಇಷ್ಟು ವರ್ಷ ಯಾರ ಯಾರ ಮುಂದೆಯೋ ಹೇಳಿಕೊಂಡು ಬಂದ ಮೈಕಿನ ಕಥೆ ಸುಳ್ಳು. ನನ್ನ ನೆನಪು ತಪ್ಪಾಗಿರಲಿ ಎಂದು ನಾನು ಅಷ್ಟು ಗಟ್ಟಿಯಾಗಿ ಬಯಸಿದ್ದು ಅದೇ ಮೊದಲು.

ಮತ್ತೆ ಮೊದಲಿಂದ ಹಾಕಿದೆ. ಈ ಸಲ ನಾನೂ ಹಠಕ್ಕೆ ಬಿದ್ದು ಕೇಳಿದೆ. ಅಣ್ಣ ಮಂಚದ ಮೇಲಿಂದ ಗ್ರೀಸಿನ ಬೆರಳೆತ್ತಿ ತೋರಿಸುತ್ತಾ ಹೋದ. “ಇಲ್ಲಿ. ಇಲ್ಲಿ ಎಳೀಬೇಕಿತ್ತು, ಬಿಟ್ಟ. ನೋಡು, ಮತ್ತೆ ಬಿಟ್ಟ.” ಅವನ ಬೆರಳು ಪ್ರತಿ ಸಲವೂ ಸರಿಯಾದ ಹೊಡೆತಕ್ಕೇ ಬೀಳುತ್ತಿತ್ತು. ಅವನು ಹೇಳಿದ ಜಾಗದಲ್ಲೆಲ್ಲ ಸದ್ದು ದೊಪ್ಪನೆ ಬಿದ್ದು ಅಲ್ಲೇ ಸಾಯುತ್ತಿತ್ತು. ಅಂಗೈಯ ಬುಡದಿಂದ ಒತ್ತಿ ಸ್ವರವನ್ನು ಮೇಲಕ್ಕೆ ಎಳೆಯುವ ಅಣ್ಣನ ಆ ಚಾಳಿ ಎಲ್ಲೂ ಇರಲಿಲ್ಲ. ಒಂದು ಕಡೆಯೂ ಇರಲಿಲ್ಲ. ಕ್ಯಾಸೆಟ್ಟು ಅಷ್ಟು ವರ್ಷ ನನ್ನ ಬಳಿ ಇತ್ತು, ನಾನು ಅದನ್ನು ಒಮ್ಮೆಯೂ ನಿಜವಾಗಿ ಕೇಳಿರಲಿಲ್ಲ.

“ದೊಡ್ಡಪ್ಪ ಹೋದಾಗ ಇವ್ರ ಕೈಗೆ ಪಂಪಿನ ಬೆಲ್ಟು ಬಡಿದಿತ್ತಲ್ಲ,” ಎಂದು ಅತ್ತಿಗೆ ನಿಧಾನವಾಗಿ ಹೇಳಿದರು. “ಅರಿಶಿಣ ಕಟ್ಟಿ ಕಳ್ಸಿದ್ದೆ. ಹಿಂದ್ಗಡೆ ಕೂತು ತಾಳ ಹಾಕಿದ್ರು. ಬಾರ್ಸಿದ್ದು ಶಿರಾಳಕೊಪ್ಪದೋರು ಯಾರೋ.”

ಅಣ್ಣನಿಗೆ ಅದು ಕೇಳಲಿಲ್ಲ. ಹೆಂಗಸರ ದನಿ. ಅವನು ಡಗ್ಗಾದವನನ್ನು ಬೈಯುವುದರಲ್ಲಿ ಇದ್ದ. ಬೈಯುತ್ತಲೇ ಮಂಚದಿಂದ ಇಳಿದು, ಬಾಗಿಲ ಹತ್ತಿರ ಹೋಗಿ, ಚೀಲದ ಗಂಟು ಬಿಚ್ಚಲು ನೋಡಿದ. ತಾನೇ ಹಾಕಿದ ಗಂಟು ಬಿಚ್ಚಿಕೊಳ್ಳಲಿಲ್ಲ. ಹಲ್ಲಿನಿಂದ ಎಳೆದ.

“ಆಯ್ತು,” ಎಂದರು ಅತ್ತಿಗೆ. “ಸೋಮವಾರ ಮತ್ತೆ ನಾನು ಊಟ ಮುಚ್ಚಿಟ್ಟು ಕಾಯೋದು.” ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ನಾನು ಬಲಗಡೆಯ ಪೆಟ್ಟಿಗೆಯ ಉಳಿದ ತಿರುಪುಗಳನ್ನು ಹಾಕಿದೆ. ಅಣ್ಣ ಡಗ್ಗಾವನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತಿಗೆಗಾಗಿ ಹುಡುಕುತ್ತಿದ್ದ. ಚರ್ಮ ಸಡಿಲವಾಗಿತ್ತು, ಬಿಗಿ ಮಾಡಬೇಕಿತ್ತು. ದೊಡ್ಡಪ್ಪ ಹೋದ ದಿನ ಅವನ ಮಗ್ಗುಲಿಗೆ ನಾನು ಕೂತಿರಲಿಲ್ಲ ಎಂದಾದರೆ ಎಲ್ಲಿ ಕೂತಿದ್ದೆ, ಮೈಕು ಹಿಡಿದವರು ಯಾರು, ಆ ಮನೆಗೆ ನಾನು ಹೋಗಿದ್ದಾದರೂ ಹೌದೇ ಎಂದು ಅವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಸುತ್ತಿಗೆ ಮಂಚದ ಕೆಳಗಿತ್ತು. ತೆಗೆದು ಕೊಟ್ಟೆ.